ಕೊಂಡಿಗೆ ಬಳಿದ ಬಣ್ಣ

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ರಾಣೆಬೆನ್ನೂರಿನಲ್ಲಿ ಗಾಡಿಗಳ ವೈರಿಂಗ್ ಮಾಡುತ್ತಿದ್ದೆ. ಅಗಡಿ ಕಡೆಯ ಡ್ರೈವರನೊಬ್ಬ ತನ್ನ ಮಾಲಕರ ಪಿಕಪ್ ತಂದ. ಮದುವೆ ಮನೆಗಳಿಗೆ ಜನರೇಟರ್ ಒಯ್ಯುವ ಟ್ರಾಲಿಯನ್ನು ಅದರ ಹಿಂದೆ ಕಟ್ಟುವುದಿತ್ತು. ಟ್ರಾಲಿಯ ಹಿಂದಿನ ದೀಪಗಳಿಗೆ ಪಿಕಪ್ಪಿನಿಂದ ಕರೆಂಟು ಕೊಡಲು ಸಾಕೆಟ್ ಕೂಡಿಸುವುದು ನನ್ನ ಕೆಲಸ.

ದೀಪಗಳಿಗೆ ನಾಲ್ಕು ವೈರು ಎಳೆದೆ. ಕರೆಂಟು ವಾಪಸು ಬರಲು ಐದನೆಯದೊಂದು, ಅರ್ಥ್ ವೈರು, ಬೇಕು. ಅದನ್ನು ಎಳೆಯಲಿಲ್ಲ. ಪಿಕಪ್ಪಿಗೆ ಟ್ರಾಲಿ ಸಿಕ್ಕಿಸುವ ಕೊಂಡಿಯಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಅರ್ಥ್ ಸಿಗುತ್ತದೆಂದು ನಾವೆಲ್ಲ ಹಾಗೇ ಬಿಡುತ್ತಿದ್ದೆವು. ಅದು ತಪ್ಪೆಂದು ನನಗೆ ಗೊತ್ತಿತ್ತು. ದೀಪ ಹತ್ತಿದವು, ಕಳಿಸಿದೆ.

ದಸರೆಯ ಖಂಡೇಪೂಜೆಗೆ ಮಾಲಕರು ಗಾಡಿ ತೊಳೆಸಿ, ಕೊಂಡಿಗೂ ಸೇರಿಸಿ ದಪ್ಪಗೆ ಕೆಂಪು ಎಣ್ಣೆಬಣ್ಣ ಬಳಿಸಿದರು. ಮರುದಿನ ಮುಸ್ಸಂಜೆ ಹಾವೇರಿ ದಾರಿಯಲ್ಲಿ ಬೈಕೊಂದು ಹಿಂದಿನಿಂದ ಟ್ರಾಲಿಗೆ ಬಡಿಯಿತು. ಸವಾರನ ಕಾಲು ಮುರಿಯಿತು. ಹಿಂದೆ ದೀಪವೇ ಇರಲಿಲ್ಲವೆಂದು ಅವನು ಹೇಳಿದ.

ಮಾಲಕರು ನನ್ನನ್ನು ಕರೆಸಿದರು. ಅವರು ಡ್ರೈವರನನ್ನು ಕರೆದುಕೊಂಡು ಹೊರಗೆ ಬರುವಷ್ಟರಲ್ಲಿ ಕೊಂಡಿ ಬಿಚ್ಚಿ ನೋಡಿದೆ. ಬಣ್ಣದ ಪದರ ಅರ್ಥ್ ತಡೆದಿತ್ತು. ಸ್ಕ್ರೂಡ್ರೈವರಿನಿಂದ ಕೆರೆದು, ಮತ್ತೆ ಕೂಡಿಸಿದೆ. ದೀಪ ಹತ್ತಿದವು.

"ವೈರಿಂಗ್ ಹೆಂಗೈತ್ರಿ?" ಎಂದರು ಮಾಲಕರು.

"ಸರಿ ಐತ್ರಿ. ನೋಡ್ರಿ, ಹತ್ಯಾವ."

"ಅಂದ್ರ ಈ ಮಗಾ ಸ್ವಿಚ್ಚ ಹಾಕಿಲ್ಲ! ಅತ್ತಿ ಮನಿ ಹೋಳಿಗಿ ನೆನಸ್ಕೋತ ಹೊಂಟಿದ್ದೇನಲೇ?"

"ಹಾಕಿದ್ದೆರಿ ಸಾವ್ಕಾರ್ರ," ಎಂದ ಡ್ರೈವರ್, ನನ್ನ ಕಡೆ ತಿರುಗಿದ. "ಅಣ್ಣಾರ, ನೀವರೆ ಹೇಳ್ರಿ."

"ಮರತಿರಬೇಕು ತಮ್ಮಾ," ಎಂದೆ.

ಅವನ ಕೆಲಸ ಹೋಯಿತು.

ಮೂರ್ನಾಲ್ಕು ವರ್ಷದ ಮೇಲೆ ಬ್ಯಾಡಗಿ ಪೇಟೆಯಲ್ಲಿ ಕಂಡ. ಮೆಣಸಿನಕಾಯಿ ಚೀಲ ಹೇರಿದ ಬೇರೆ ಗಾಡಿ. ಮಟಮಟ ಮಧ್ಯಾಹ್ನದಲ್ಲಿ ಸ್ವಿಚ್ ಹಾಕಿ, ಇಳಿದು, ಹಿಂದೆ ಬಂದು ದೀಪ ನೋಡಿದ. ಹತ್ತಿ ಕುಳಿತವನು ಮತ್ತೆ ಇಳಿದು ಬಂದ.

"ಎಷ್ಟ ಸಲ ನೋಡ್ತೀಯೋ?" ಎಂದೆ.

"ನನಗ ಮರವು ಭಾಳ ರೀ ಅಣ್ಣಾರ," ಎಂದು ನಕ್ಕ. "ಆವತ್ತ ಹಾಕಿದ್ದು ಖರೇ ಅಂತನ ಅನಸ್ತಿತ್ತು. ನೀವು ಹೇಳಿದ ಮ್ಯಾಲೆ ತಿಳೀತು."

ಆಗಲಾದರೂ ಹೇಳಬಹುದಿತ್ತು. ಚಹಾ ಕುಡಿಸಿ ಕಳಿಸಿದೆ.

ಕೆಲಸ ಅವನಿಗೆ ಬೇರೆ ಕಡೆ ಸಿಕ್ಕಿತು. ಆದರೆ ತನ್ನ ಕೈ ಮಾಡಿದ್ದನ್ನು ತಾನೇ ನಂಬದ ಹಾಗೆ ಅವನನ್ನು ಮಾಡಿದವನು ನಾನು. ಆ ಸಂಜೆ ಅವನು ಸ್ವಿಚ್ ಹಾಕಿದ್ದ. ಅವನಿಗೆ ಮರೆವಿರಲಿಲ್ಲ.