ಆಮ್ರಪಾಲಿಯ ಉತ್ತರಕ್ಕೆ ಕಾದ ಗುರುಗಳು

ವಿಜಯಪುರ ಸೀಮೆಯಲ್ಲಿ ಮನಃಶಾಸ್ತ್ರವೆಂದರೆ ಹುಚ್ಚು ಬಿಡಿಸುವ ವಿದ್ಯೆಯೆಂದೇ ಜನ ತಿಳಿದಿದ್ದ ಕಾಲದಲ್ಲಿ ಅದನ್ನು ಪದವಿ ತರಗತಿಯ ಗೌರವದ ವಿಷಯವಾಗಿ ನೆಲೆಗೊಳಿಸಿದವರಲ್ಲಿ ಪ್ರೊ. ಗುರುಬಸವ್ವ ಹಂಜಗಿಯವರು ಅಗ್ರಗಣ್ಯರು. ಬಬಲೇಶ್ವರದಲ್ಲಿ ಹುಟ್ಟಿ, ತಿಕೋಟಾದಲ್ಲಿ ಒಂಬತ್ತು ವರ್ಷ, ವಿಜಯಪುರದಲ್ಲಿ ಇಪ್ಪತ್ತೆರಡು ವರ್ಷ ಪಾಠ ಹೇಳಿ ಈಗ ನಿವೃತ್ತರಾಗುತ್ತಿರುವ ಅವರ ಸೇವೆಯನ್ನು ಅಳೆಯಲು ಪ್ರಬಂಧಗಳ ಪಟ್ಟಿ ಸಾಲದು. ತಿಕೋಟಾದಲ್ಲಿ ಮೊದಲ ವರ್ಷ ಅವರಿಗೆ ಸಿಕ್ಕ ವಿದ್ಯಾರ್ಥಿಗಳು ಮೂವರೇ. ಪ್ರಯೋಗಾಲಯವೆಂದರೆ ಬಾಗಿಲು ಸರಿಯಾಗಿ ಮುಚ್ಚದ ಒಂದು ಕಪಾಟು. ಅಲ್ಲಿಂದ ನಡೆದು ಬಂದ ಅವರನ್ನು ಹತ್ತಿರದಿಂದ ಬಲ್ಲವರಲ್ಲಿ ಸಾರವಾಡದ ಆಮ್ರಪಾಲಿಯೂ ಒಬ್ಬಳು.

ಆಮ್ರಪಾಲಿ ಆಗ ವಿಜಯಪುರದಲ್ಲಿ ಅವರ ಬಳಿ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ತಂದೆ ಕರೆಪ್ಪ ಸಾರಿಗೆ ಡಿಪೋದಲ್ಲಿ ಮೆಕ್ಯಾನಿಕ್. ದಿನಾಲು ಮುಂಜಾನೆ ಸಾರವಾಡದಿಂದ ಬಸ್ಸು ಹತ್ತುವ ಹೊತ್ತಿಗೆ ಅವಳ ಅಂಗೈ ಬೆವೆತು ಪುಸ್ತಕದ ರಟ್ಟು ಒದ್ದೆಯಾಗುತ್ತಿತ್ತು. ಪರೀಕ್ಷೆಯ ದಿನ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ, ಪಕ್ಕದವರಿಗೆ ಕೇಳಿಸೀತೆಂದು ಅವಳು ದಾವಣಿಯನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದಳು. ಇದನ್ನು ಅವಳು ಮನೆಯಲ್ಲಿಯೂ ಹೇಳಿರಲಿಲ್ಲ.

ಒಂದು ದಿನ ಪ್ರಾಯೋಗಿಕ ತರಗತಿಯಲ್ಲಿ ಆತಂಕ ಅಳೆಯುವ ಪ್ರಶ್ನಾವಳಿ ಬಂತು. ಜೊತೆಗಾತಿ ಶಾಹಿದಾ ಒಂದೊಂದೇ ಪ್ರಶ್ನೆ ಓದುತ್ತ ಹೋದಂತೆ ಆಮ್ರಪಾಲಿ ನಲವತ್ತಕ್ಕೆ ನಲವತ್ತೂ “ಎಂದೂ ಇಲ್ಲ” ಎಂದಳು. ಮರುವಾರ ಎಲ್ಲರ ಜರ್ನಲ್ಲುಗಳೂ ಸಹಿಯಾಗಿ ಬಂದವು, ಅವಳದು ಬರಲಿಲ್ಲ. ಬಿಡುವಿನಲ್ಲಿ ಕರೆ ಬಂತು. ಸುಳ್ಳು ಸಿಕ್ಕಿಬಿದ್ದಿತು, ಇನ್ನು ಈ ವಿಷಯ ಬಿಡಿಸಿಯೇ ಬಿಡುತ್ತಾರೆ ಎಂದುಕೊಂಡೇ ಅವಳು ವಿಭಾಗದ ಹೊಸ್ತಿಲು ದಾಟಿದಳು.

“ಕೂಡವ್ವಾ. ಇಪ್ಪತ್ತು ವರ್ಷದಾಗ ಇಷ್ಟು ನಿಶ್ಚಿಂತಿ ಇರೋ ಮನುಷ್ಯಾರು ನನಗ ಸಿಕ್ಕಿಲ್ಲ ನೋಡು” ಎಂದರು ಹಂಜಗಿ ಮೇಡಂ.

ಆಮ್ರಪಾಲಿಯ ಕಣ್ಣು ತುಂಬಿತು. “ಜರ್ನಲ್ಲಿನ ಮ್ಯಾಲೆ ಹೆಸರ ಇರತೈತ್ರಿ ಮೇಡಂ. ತಾನ ಅಂಜತಾಳ, ಈಕಿ ಮಂದಿ ಮನಸ್ಸ ಏನ ನೋಡ್ತಾಳ ಅಂತಾರ್ರಿ.”

ಹಂಜಗಿಯವರು ಅವಳ ಜರ್ನಲ್ಲನ್ನು ಮುಚ್ಚಿಟ್ಟರು. “ತಪ್ಪು ನಿಂದಲ್ಲ, ನಂದೈತಿ. ನಾನು ಹೆಸರ ಬರೆಸಬಾರದಿತ್ತು” ಎಂದರು. ಮರುದಿನದಿಂದ ಅಂಥ ಪರೀಕ್ಷೆಗಳ ಮೇಲೆ ಹೆಸರಿನ ಬದಲು ಅಂಕಿ ಬಂತು. ಮನಸ್ಸಿಲ್ಲದವರು ಉತ್ತರಿಸದೆ ಇರಬಹುದೆಂಬ ನಿಯಮವೂ ಬಂತು. ಆದರೆ ತಮ್ಮ ವಿದ್ಯಾರ್ಥಿನಿಗೆ ತಾವೇ ಚಿಕಿತ್ಸಕರಾಗಲು ಅವರು ಒಪ್ಪಲಿಲ್ಲ. “ನಾ ನಿನಗ ಪಾಠ ಹೇಳಾಕಿ, ಡಾಕ್ಟರ್ ಅಲ್ಲ” ಎಂದು ಹೇಳಿ, ಪರಿಚಯದ ಮನೋವೈದ್ಯರೊಬ್ಬರಲ್ಲಿಗೆ ತಾವೇ ಕರೆದೊಯ್ದು, ಅವಳು ಒಳಗಿರುವಷ್ಟು ಹೊತ್ತೂ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು.

ಪದವಿ ಮುಗಿದಾಗ ಅವಳಿಗೆ ಇನ್ನೊಂದು ಇಕ್ಕಟ್ಟು ಎದುರಾಯಿತು. ಊರಿಗೆ ಹತ್ತಿರದಲ್ಲೇ ಬಿ.ಇಡಿ. ಸೀಟು ಸಿಕ್ಕಿತ್ತು, ಧಾರವಾಡದಲ್ಲಿ ಮನಃಶಾಸ್ತ್ರದ ಎಂ.ಎ. ಸೀಟೂ ಸಿಕ್ಕಿತ್ತು. ಎರಡಕ್ಕೂ ಪ್ರವೇಶದ ಕೊನೆಯ ದಿನ ಒಂದೇ. ಹಿಂದಿನ ದಿನ ಕರೆಪ್ಪ ಡಿಪೋದ ಕೆಲಸ ಬಿಟ್ಟು ಮಗಳೊಂದಿಗೆ ಕಾಲೇಜಿಗೆ ಬಂದರು.

“ಮೇಡಮ್ಮಾರ, ಇದನ್ನ ಓದಿದ್ರ ನೌಕರಿ ಹತ್ತತೈತೇನ್ರಿ?”

“ಹತ್ತತೈತಿ ಅಂತ ನಾ ಮಾತು ಕೊಡಂಗಿಲ್ರಿ. ಎಂ.ಎ. ಮುಗಿದ ಕೂಡ್ಲೇ ರೋಗಿಗಳನ್ನ ನೋಡಾಕ ಬರಂಗಿಲ್ಲ. ಆಮ್ಯಾಲೂ ತರಬೇತಿ ಬೇಕು. ಬಿ.ಇಡಿ. ಹಾದಿ ಹತ್ತರದ್ದು, ಅದು ಖರೇ.”

ಮೇಡಂ ತನ್ನ ಪರ ವಾದಿಸುತ್ತಾರೆಂದು ಆಮ್ರಪಾಲಿ ನಂಬಿ ಬಂದಿದ್ದಳು.

ಕರೆಪ್ಪ ಮಗಳತ್ತ ತಿರುಗಿದರು. “ನಿನಗೇನ ಬೇಕ ಬೇ?”

ಮಾತು ಹೊರಡಲಿಲ್ಲ. ಉಸಿರು ಮೇಲೆಯೇ ನಿಂತಿತು, ಬೆರಳು ಜುಮ್ಮೆಂದವು. ಮೇಡಂ ಈಗಲಾದರೂ ಒಂದು ಮಾತು ಸೇರಿಸಲಿ ಎಂದು ಕಣ್ಣಿನಲ್ಲೇ ಬೇಡಿದಳು. ಅವರು ತುಟಿ ಬಿಚ್ಚಲಿಲ್ಲ. ಕಾಲೇಜಿನ ಸಿಪಾಯಿ ದಶರಥ ಕಿಟಕಿ ಮುಚ್ಚಲು ಬಂದಾಗ ಕೈಸನ್ನೆಯಿಂದಲೇ ತಡೆದು, ಮತ್ತೆ ಅವಳ ಮುಖ ನೋಡುತ್ತ ಕುಳಿತರು.

“ನನಗ ಅಂಜಿಕಿ ಬರತೈತಪ್ಪಾ” ಎಂದಳು ಆಮ್ರಪಾಲಿ ಕೊನೆಗೆ. “ಮೂರು ವರ್ಷಾತು. ಈಗೂ ಬರಾಕತ್ತೈತಿ. ಆದ್ರೂ ನಾ ಇದನ್ನ ಓದ್ತೀನಿ.”

ಕರೆಪ್ಪ ಮಗಳನ್ನು ಮೊದಲ ಸಲ ಕಂಡವರಂತೆ ನೋಡಿದರು. “ಮೂರು ವರ್ಷ ನನಗ ಯಾಕ ಹೇಳಲಿಲ್ಲವ್ವಾ?” ಎಂದವರು ಬೇರೇನೂ ಕೇಳಲಿಲ್ಲ. ಮರುದಿನ ನಸುಕಿನಲ್ಲಿ ಅಪ್ಪ, ಮಗಳು ಇಬ್ಬರೂ ಧಾರವಾಡದ ಬಸ್ಸು ಹತ್ತಿದರು.

ಮುಂದಿನ ದಾರಿ ಹಂಜಗಿಯವರು ಹೇಳಿದಷ್ಟೇ ಕಠಿಣವಾಗಿತ್ತು. ಎಂ.ಎ. ಮುಗಿಸಿ ಬರೆದ ತರಬೇತಿಯ ಪ್ರವೇಶ ಪರೀಕ್ಷೆಯಲ್ಲಿ ಆಮ್ರಪಾಲಿ ಮೊದಲ ಸಲ ಸೋತಳು. ಆ ವರ್ಷವಿಡೀ ತಪ್ಪು ಹಾದಿ ಹಿಡಿದೆನೇನೋ ಎಂಬ ಅಳುಕು ಅವಳ ಬೆನ್ನು ಬಿಡಲಿಲ್ಲ. ಎರಡನೆಯ ಸಲ ಗೆದ್ದಳು. ಇಂದು ತಿಕೋಟಾದಲ್ಲಿ ಆಪ್ತಸಮಾಲೋಚಕಿಯಾಗಿದ್ದಾಳೆ. ಅಂಜಿಕೆ ಕಡಿಮೆಯಾಗಿದೆ, ಹೋಗಿಲ್ಲ. ಕಷ್ಟದ ಪ್ರಸಂಗ ಬಂದಾಗ ಹಂಜಗಿಯವರಿಗೆ ಫೋನು ಮಾಡುವ ರೂಢಿಯೂ ಹೋಗಿಲ್ಲ. ನಿವೃತ್ತಿಯ ಸುದ್ದಿ ತಿಳಿದ ದಿನ ಗಾಬರಿಯಾಗಿ, “ಇನ್ನ ನಾ ಯಾರನ್ನ ಕೇಳ್ಲಿ ಮೇಡಂ?” ಎಂದಳು.

“ಕಾಲೇಜು ಬಿಡಾಕತ್ತೀನವ್ವಾ, ನಿಮ್ಮನ್ನಲ್ಲ” ಎಂದರಂತೆ ಅವರು.

ಮುಂದಿನ ತಿಂಗಳಿಂದ ಅವರು ಬಬಲೇಶ್ವರದ ತಮ್ಮ ಮನೆಯ ಪಡಸಾಲೆಯಲ್ಲಿ, ಯಾವ ಪದವಿ ಓದಬೇಕೆಂದು ತಿಳಿಯದೆ ತಳಮಳಿಸುವ ಮಕ್ಕಳಿಗಾಗಿ ವಾರಕ್ಕೆರಡು ದಿನ ಕುಳಿತುಕೊಳ್ಳಲಿದ್ದಾರೆ. ಮಕ್ಕಳ ಮಾತು ತಾನಾಗಿ ಹೊರಡುವವರೆಗೆ ಕಾಯಬಲ್ಲ ಈ ಗುರುಗಳಿಗೆ ಗಟ್ಟಿ ಆರೋಗ್ಯವೂ ನೂರು ತುಂಬುವ ಆಯುಷ್ಯವೂ ದೊರೆಯಲಿ. ಆ ಪಡಸಾಲೆ ಒಂದು ದಿನವೂ ಬರಿದಾಗದಿರಲಿ.