ನಾವು ದಾಟಿ ಹೋದ ಗೇಟು

ಸರಕಾರಿ ದವಾಖಾನೆಯನ್ನು ಬೈಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇಂಡಿ ಪಟ್ಟಣದ ಬಸ್ ನಿಲ್ದಾಣವಿರಲಿ, ಬಾಗೇವಾಡಿಯ ಬೀಗರ ಮನೆಯಿರಲಿ, ನಾನು ಕಲಿಸುವ ಶಾಲೆಯ ಸ್ಟಾಫ್ ರೂಮಿರಲಿ, ಎಲ್ಲಿ ಕುಳಿತರೂ ಒಂದೇ ರಾಗ: ಪುಕ್ಕಟೆ ಔಷಧದಲ್ಲಿ ಏನಿರುತ್ತದೆ, ಸುಣ್ಣದ ನೀರು, ಮುಚ್ಚಿಬಿಡಬೇಕು. ಹೀಗೆನ್ನುವವರಲ್ಲಿ ಅರ್ಧದಷ್ಟು ಜನ ಆ ಗೇಟಿನೊಳಗೆ ಕಾಲಿಟ್ಟದ್ದು ಸರ್ಟಿಫಿಕೇಟಿಗೆ ಸಹಿ ಹಾಕಿಸಲು ಮಾತ್ರ. ಅವರ ಮುಂದಾಳು ನನ್ನ ಭಾವ, ಅಕ್ಕನ ಗಂಡ.

ಅಕ್ಕನನ್ನು ಕೊಟ್ಟದ್ದು ಸಿಂದಗಿ ಕಡೆಯ ಒಂದು ಹಳ್ಳಿಗೆ. ದೊಡ್ಡ ಜಮೀನು, ಅದಕ್ಕಿಂತ ದೊಡ್ಡ ಮರ್ಯಾದೆ. ತೊಗರಿ ಕೊಯ್ಲಿನ ದಿನಗಳಲ್ಲಿ ಎರಡು ದಿನ ರಜೆ ಹಾಕಿ ಹೋಗಿದ್ದೆ. ಬೆಳಿಗ್ಗೆ ಆಳುಗಳಿಗೆ ಬುತ್ತಿ ಒಯ್ದ ಅಕ್ಕ ಸುಮ್ಮನೆ ಕೂರದೆ ಕೊಯ್ದಿಟ್ಟ ತೊಗರಿಯ ಹೊರೆ ಎತ್ತಿದಳು. ಅಡಿಯಲ್ಲಿ ಕೊಳಕುಮಂಡಲ ಮಲಗಿತ್ತು, ಪಾದಕ್ಕೆ ಕಚ್ಚಿತು. "ಅಕ್ಕಾರಿಗೆ ಹುಳ ಮುಟ್ಟೈತ್ರಿ" ಎಂದು ಆಳೊಬ್ಬಳು ಓಡಿ ಬಂದಳು. ನಮ್ಮಲ್ಲಿ ಹಾವಿನ ಹೆಸರು ಹೇಳುವುದಿಲ್ಲ. ಭಾವ ಜೀಪು ತೆಗೆದರು, ನಾನು ಹಿಂದೆ ಅಕ್ಕನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ.

ಪೇಟೆ ಹೊಕ್ಕರೆ ಮೊದಲು ಸಿಗುವುದೇ ಸರಕಾರಿ ದವಾಖಾನೆ.

"ಭಾವಾರ, ಇಲ್ಲೇ ನಿಲ್ಲಸ್ರಿ" ಎಂದೆ.

"ಇಲ್ಲಿ ಕೂಲಿ ಮಂದಿ ಬರ್ತಾರ. ನಮ್ಮ ಮನಿ ಹೆಣ್ಮಗಳನ್ನ ಈ ಕಾಟಿನ ಮ್ಯಾಲ ಮಲಗಿಸಿದ್ರ ನಾಳೆ ಊರಾಗ ತಲಿ ಎತ್ತಿ ಅಡ್ಡಾಡಾಕ ಆಗ್ತೈತೇನು?"

ನಾನು ಸುಮ್ಮನಾದೆ. ದಿನವಿಡೀ ಮಕ್ಕಳ ಮುಂದೆ ಗಂಟಲು ಹರಿದುಕೊಳ್ಳುವವಳು, ಅಂದು ಸುಮ್ಮನಾದೆ. ಮನೆಯ ಯಜಮಾನನ ಎದುರು ನಾದಿನಿಯಾದವಳು ದನಿ ಎತ್ತಬಾರದು ಎಂಬ ಹಾಳು ಸಂಸ್ಕಾರ. ಗೇಟು ಹಿಂದೆ ಹೋಯಿತು.

ಭಾವ ನಿಲ್ಲಿಸಿದ್ದು ಗಾಜಿನ ಬಾಗಿಲಿನ ಖಾಸಗಿ ಆಸ್ಪತ್ರೆಯ ಮುಂದೆ. ಒಳಗೆ ತಣ್ಣಗಿತ್ತು, ಕುರ್ಚಿ ಮೆತ್ತಗಿದ್ದವು. ಫಾರ್ಮ್ ತುಂಬಿಸಿಕೊಂಡರು, ಒಂದು ಸಲಾಯಿನ್ ಹಚ್ಚಿದರು. ಡಾಕ್ಟರು ಆಪರೇಷನ್ನಿನಲ್ಲಿದ್ದಾರೆ, ಕೂಡ್ರಿ ಎಂದರು. ಕುಳಿತೆವು. ಅಕ್ಕನ ಕಾಲು ಮೊಣಕಾಲಿನ ತನಕ ಊದಿತು, ವಸಡಿನಿಂದ ರಕ್ತ ಒಸರತೊಡಗಿತು. ಒಂದೂವರೆ ತಾಸಿನ ಮೇಲೆ ಡಾಕ್ಟರು ಬಂದು ನೋಡಿ, "ಇದಕ್ಕ ಬೇಕಾದ ಇಂಜೆಕ್ಷನ್ ನಮ್ಮಲ್ಲಿಲ್ರಿ. ಸರಕಾರಿ ದವಾಖಾನಿಗೆ ಒಯ್ರಿ, ತಡ ಮಾಡಬ್ಯಾಡ್ರಿ" ಎಂದರು. ತಡ ಮಾಡಬೇಡಿ ಎನ್ನಲು ಆ ಬಾಯಿಗೆ ನಾಚಿಕೆಯಾಗಲಿಲ್ಲ.

ಮತ್ತೆ ಅದೇ ಗೇಟಿಗೆ ಬಂದೆವು. ಸುಳ್ಳು ಹೇಳುವುದಿಲ್ಲ, ಹಾಸಿಗೆಯ ಮೇಲಿನ ಬಟ್ಟೆಗೆ ಕಲೆ ಇತ್ತು, ಪಡಸಾಲೆಯಲ್ಲಿ ನಾಯಿ ಮಲಗಿತ್ತು. ಆದರೆ ನಾವು ಯಾರ ಮನೆಯವರು ಎಂದು ಯಾರೂ ಕೇಳಲಿಲ್ಲ. ಸಣಕಲು ನರ್ಸಮ್ಮ ಒಬ್ಬರು ಅಕ್ಕನ ವಸಡು ನೋಡಿದವರೇ ಡಾಕ್ಟರನ್ನು ಕೂಗಿ ಕರೆದು, ಫ್ರಿಜ್ಜಿನಿಂದ ಇಂಜೆಕ್ಷನ್ ತೆಗೆದರು. ಗಾಜಿನ ನಳಿಕೆಯಲ್ಲಿ ಅಕ್ಕನ ರಕ್ತ ಹಿಡಿದು ಮೇಜಿನ ಮೇಲೆ ನಿಲ್ಲಿಸಿ, "ಇಪ್ಪತ್ತ ಮಿನಿಟ್ ಇದನ್ನ ಯಾರೂ ಮುಟ್ಟಬ್ಯಾಡ್ರಿ" ಎಂದರು. ಆಮೇಲೆ ಬಗ್ಗಿಸಿ ನೋಡಿದರೆ ರಕ್ತ ನೀರಿನಂತೆ ಹರಿಯಿತು. ಹೆಪ್ಪುಗಟ್ಟಿದರೆ ಅಕ್ಕ ಉಳಿದಳು, ಇಲ್ಲವಾದರೆ ಇಲ್ಲ. ಮತ್ತೆ ಇಂಜೆಕ್ಷನ್, ಮತ್ತೆ ನಳಿಕೆ. ಮರುದಿನ ಮುಂಜಾನೆ ನರ್ಸಮ್ಮ ನಳಿಕೆಯನ್ನು ನನ್ನ ಕಣ್ಣೆದುರು ಬೋರಲು ಹಿಡಿದರು. ಒಂದು ಹನಿಯೂ ಬೀಳಲಿಲ್ಲ. ಅವರ ಕೈ ಹಿಡಿದು ಅತ್ತುಬಿಟ್ಟೆ.

"ಜೀವಾ ಉಳೀತ್ರಿ. ಮೊದಲ ಇಲ್ಲಿಗೇ ತಂದಿದ್ರ ಕಾಲಿಗೂ ಇಷ್ಟು ಆಗ್ತಿದ್ದಿಲ್ಲ" ಎಂದರು. ಮುಂದೆ ಅಕ್ಕನ ಎರಡು ಕಾಲ್ಬೆರಳು ಕಪ್ಪಾಗಿ, ತೆಗೆಯಬೇಕಾಯಿತು.

ಪುಕ್ಕಟೆಯಂತೆ. ಯಾವುದು ಪುಕ್ಕಟೆ? ಸಾಬೂನು ಕೊಳ್ಳುವ ಕೂಲಿಯವಳೂ ತೆರಿಗೆ ಕಟ್ಟುತ್ತಾಳೆ. ಅವಳೂ ಸೇರಿ ದುಡ್ಡು ಇಟ್ಟದ್ದಕ್ಕೇ ಆ ಇಂಜೆಕ್ಷನ್ ಅಲ್ಲಿತ್ತು. ಅದು ಲಾಭದ ಮಾಲಲ್ಲ, ಗಾಜಿನ ಬಾಗಿಲಿನವರು ಏಕೆ ಇಟ್ಟಾರು? ಕಸವಿದ್ದರೆ ಗುಡಿಸಿರೆಂದು ಜಗಳ ತೆಗೆಯಿರಿ, ಡಾಕ್ಟರಿಲ್ಲದಿದ್ದರೆ ಕಳಿಸಿರೆಂದು ಧರಣಿ ಕೂಡಿರಿ, ನಾನೂ ಬಂದು ಕೂಡುತ್ತೇನೆ. ಮುಚ್ಚಿಬಿಡಿ ಎನ್ನುವವರ ಜೊತೆ ನನಗೆ ಮಾತಿಲ್ಲ.

ಅಕ್ಕ ನಡೆದಾಡುವಂತಾದ ಮೇಲೆ ಭಾವ ಊರಿಗೆ ಹೋಳಿಗೆ ಊಟ ಹಾಕಿಸಿದರು. ಜೀವ ಉಳಿಸಿದವರಿಗೆ ನಾಲ್ಕು ಮಂದಿಯ ಮುಂದೆ ಶಾಲು ಹೊದಿಸಿ, ಆಯೇರಿಯೆಂದು ಬಟ್ಟೆಯ ಉಡುಗೊರೆ ಕೊಡುವುದು ನಮ್ಮ ಕಡೆಯ ಪದ್ಧತಿ. ನರ್ಸಮ್ಮನಿಗೆ ಕರೆಯೇ ಹೋಗಿರಲಿಲ್ಲ. ಶಾಲು ಹೊದ್ದು ಕುಳಿತವರು ಗಾಜಿನ ಬಾಗಿಲಿನ ಡಾಕ್ಟರು.

"ಇವ್ರು ಹಚ್ಚಿದ ಸಲಾಯಿನ್‌ದಿಂದ ಜೀವಾ ಉಳೀತು" ಎಂದರು ಭಾವ, ಪಂಕ್ತಿಗೆಲ್ಲ ಕೇಳುವಂತೆ. "ಸರಕಾರಿಯವ್ರು ಬೆರಳು ಕೆಡಿಸಿದ್ರು."

ಡಾಕ್ಟರು ಅಲ್ಲವೆನ್ನಲಿಲ್ಲ, ಮುಗುಳ್ನಕ್ಕರು. ಉಂಡ ಮನೆಯ ಜಂತೆ ಎಣಿಸುವವರು ಎಂದರೆ ಭಾವನಂಥವರೇ. ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದೆ. ಇಂದು ಬಿಡಬಾರದು ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ತುಪ್ಪದ ಪಾತ್ರೆ ಹಿಡಿದು ಬಡಿಸುತ್ತಿದ್ದ ಅಕ್ಕ ಕುಂಟುತ್ತ ಭಾವನ ಮುಂದೆ ಬಂದು ನಿಂತಳು. ಮಂದಿಯ ಎದುರು ಅವಳು ಗಂಡನಿಗೆ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ.

"ಬೆರಳು ದವಾಖಾನಿಯವ್ರು ಕೆಡಿಸಲಿಲ್ರಿ" ಎಂದಳು, ಮೆತ್ತಗೆ. "ನೀವು ಜೀಪ್ ನಿಲ್ಲಿಸಲಿಲ್ಲ."

ಭಾವ ತಲೆ ತಗ್ಗಿಸಿದರು. ನನಗೆ ಒಳಗೊಳಗೇ ಖುಷಿಯಾಯಿತು. ಅಕ್ಕ ನನ್ನ ಎಲೆಯ ಹತ್ತಿರ ಬಂದು, ಹೋಳಿಗೆಯ ಮೇಲೆ ತುಪ್ಪ ಹಾಕುತ್ತ ನನ್ನ ಮುಖ ನೋಡಿದಳು.

"ನೀನೂ ಒಮ್ಮೆ ಹೇಳಿ ಸುಮ್ಮನ ಕುಂತಿ" ಎಂದು ಮುಂದಿನ ಎಲೆಗೆ ಹೋದಳು.