ಹವಾನಾಕ್ಕೆ ಹೊರಟ ಅಕ್ಕ

ಮೊನ್ನೆ ನಮ್ಮ ಬಿಲ್ಡಿಂಗಿನ ಲಿಫ್ಟಿನ ಬಾಗಿಲು ತೆರೆದರೆ ಒಳಗೆಲ್ಲ ಹೊಗೆಸೊಪ್ಪಿನ ವಾಸನೆ. ಬೀಡಿಯದಲ್ಲ, ಸಿಗರೇಟಿನದೂ ಅಲ್ಲ. ದಪ್ಪನೆಯ, ಬೆಲ್ಲ ಕರಗಿಸಿದಂಥ ವಾಸನೆ. ಮೇಲಿನ ಮಾಳಿಗೆಗೆ ಹೊಸದಾಗಿ ಬಂದ ಗೃಹಸ್ಥರು ಸಿಗಾರನ್ನು ಬೆನ್ನ ಹಿಂದೆ ಮರೆಸಿ, "ಸಾರಿ ಆಂಟೀಜಿ, ಹವಾನಾ ಕಾ ಹೈ," ಎಂದು ನಾಚಿಕೊಂಡರು. ಬೇರೆಯವರಾಗಿದ್ದರೆ ಸೊಸೈಟಿಗೆ ದೂರು ಕೊಡುತ್ತಿದ್ದರೇನೋ. ನಾನೋ, ನನ್ನ ಮಾಳಿಗೆ ಬಂದರೂ ಇಳಿಯುವುದನ್ನು ಮರೆತು ಅವರ ಜೊತೆ ಮೇಲೆ ಹೋಗಿ ಮತ್ತೆ ಕೆಳಗೆ ಬಂದೆ. ಹವಾನಾ ಎಂದರೆ ನಿಮಗೆ ಕ್ಯೂಬಾದ ರಾಜಧಾನಿ ಇರಬಹುದು. ನನಗೆ ಅದು ನನ್ನ ಅಕ್ಕ.

ಅಕ್ಕ ಎಂದರೆ ವಸಂತಿ. ಎಪ್ಪತ್ತರ ದಶಕದ ಆರಂಭದ ಮಾತು. ಕುಂದಾಪುರದ ಕಡೆಯಿಂದ ಬಂದ ನಮ್ಮ ಅಪ್ಪಯ್ಯ ದಾದರ್ ಸ್ಟೇಶನ್ನಿನ ಹತ್ತಿರ ಸಣ್ಣ ಹೋಟೆಲು ಇಟ್ಟಿದ್ದರು. ಅದರ ಹಿಂದಿನ ಚಾಳಿನಲ್ಲಿ, ಎಂದರೆ ಸಾಲುಮನೆಗಳ ವಠಾರದಲ್ಲಿ, ನಮ್ಮ ವಾಸ. ಅಕ್ಕನನ್ನು ಕುರ್ಲಾದಲ್ಲಿದ್ದ ಒಬ್ಬ ಗುಮಾಸ್ತನಿಗೆ ಕೊಟ್ಟಿದ್ದರು. ಭಾವ ಕುಡಿಯುವವನಲ್ಲ, ಬೈಯುವವನಲ್ಲ. ಕೆಲಸಕ್ಕೆ ಹೋಗುವಾಗ ಮನೆಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ, ಅಷ್ಟೇ. ಕೇಳಿದರೆ, "ಬೊಂಬಾಯಿ ಅಲ್ವಾ, ಜೋಕೆ ಬೇಕು," ಎನ್ನುತ್ತಿದ್ದ. ಒಂದು ಮಧ್ಯಾಹ್ನ ಸೀಮೆಎಣ್ಣೆಯ ಸ್ಟೋವು ಭುಗಿಲೆಂದಿತು. ಅಕ್ಕ ಒಳಗಿನಿಂದ ಬಾಗಿಲು ಬಡಿದಳು. ಅಕ್ಕಪಕ್ಕದವರು ಕಲ್ಲಿನಿಂದ ಬೀಗ ಜಜ್ಜಿ ಅವಳನ್ನು ಹೊರಗೆಳೆದರು. ಅವಳು ಯಾರ ಮನೆಯಲ್ಲೂ ಕೂರಲಿಲ್ಲ. ಸುಟ್ಟ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಲೋಕಲ್ ಹತ್ತಿ, ನೇರ ಹೋಟೆಲಿನ ಗಲ್ಲಾದ ಎದುರು ಬಂದು ನಿಂತಳು. "ಅಪ್ಪಯ್ಯ, ನಾನು ವಾಪಸು ಹೋಗುದಿಲ್ಲ." ಅಪ್ಪಯ್ಯ ಗಿರಾಕಿಗೆ ಚಿಲ್ಲರೆ ಕೊಡುವುದನ್ನೂ ಮರೆತರು.

ಆಮೇಲೆ ಅಕ್ಕ ಬಹಳ ದಿನ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಆ ಗೋಡೆಯಲ್ಲಿ ಯಾವುದೋ ಹಡಗು ಕಂಪನಿಯ ಕ್ಯಾಲೆಂಡರ್ ಇತ್ತು, ಕೆಳಗಿನ ಮನೆಯ ಪೆಡ್ರು ಮಾಮ ಕೊಟ್ಟದ್ದು. ಗೋವಾದ ಮನುಷ್ಯ, ಆಯುಷ್ಯವೆಲ್ಲ ಹಡಗಿನಲ್ಲಿ ಊಟ ಬಡಿಸಿ ನಿವೃತ್ತನಾದವನು. ಆ ತಿಂಗಳ ಚಿತ್ರ ಹವಾನಾದ್ದು: ಒಂದು ಉದ್ದನೆಯ ಕಲ್ಲಿನ ಗೋಡೆ, ಗೋಡೆಯನ್ನು ಹಾರಿ ರಸ್ತೆಗೆ ಬೀಳುವ ಬಿಳಿಯ ಅಲೆ, ಆಚೆ ಬಣ್ಣ ಮಾಸಿದ ಹಳೆಯ ಮನೆಗಳು. ತಿಂಗಳು ಮುಗಿದಾಗ ಅಮ್ಮ ಹಾಳೆ ಹರಿಯಲು ಹೋದಳು. ಅಕ್ಕ ಎದ್ದು ಕೂತು, "ಅದನ್ನು ಮುಟ್ಟಬೇಡ," ಎಂದಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಕೇಳಿ ನಮಗೆಲ್ಲ ಸಂತೋಷವೇ ಆಯಿತು.

ಚಾಳಿನಲ್ಲಿ ಬಾಗಿಲಿಗೆ ಬಂದವರ ಪ್ರಶ್ನೆ ಒಂದೇ: "ವಸಂತಿ, ಮುಂದೆ ಎಂತ?" ಮೊದಮೊದಲು ಅಮ್ಮ ಏನೋ ಹೇಳಿ ತೇಲಿಸುತ್ತಿದ್ದಳು. ಒಂದು ದಿನ ಅಕ್ಕನೇ ಒಳಗಿನಿಂದ ಹೇಳಿದಳು: "ಹವಾನಾಕ್ಕೆ ಹೋಗ್ತೇನೆ. ನಾಲ್ಕು ದಿನ ಇದ್ದು, ಊರು ನೋಡಿಕೊಂಡು ಬರ್ತೇನೆ."

ಬಂದವರ ಬಾಯಿ ಮುಚ್ಚಿಸಲು ಹೇಳಿದ್ದು ಅದು. ಆದರೆ ಹೇಳಿದ ಮೇಲೆ ಆ ಮಾತು ಅವಳನ್ನೇ ಹಿಡಿದುಕೊಂಡಿತು. ಅಮ್ಮ, "ಅಲೆ ನೋಡ್ಲಿಕ್ಕೆ ದಾದರ್ ಚೌಪಾಟಿ ಸಾಲುದಿಲ್ವಾ ಮಾರಾಯ್ತಿ?" ಎಂದು ಹಣೆ ಚಚ್ಚಿಕೊಂಡಳು. ಅಕ್ಕ ಪೆಡ್ರು ಮಾಮನ ಬಾಲ್ಕನಿಯಲ್ಲಿ ಕೂತು ಸ್ಪ್ಯಾನಿಶ್ ಕಲಿಯತೊಡಗಿದಳು. ಅವನು ಬಂದರುಗಳಲ್ಲಿ ಕಲಿತ ಭಾಷೆಯಲ್ಲಿ ಅರ್ಧ ಬೈಗುಳವೇ ಇತ್ತೆಂದು ಗೊತ್ತಾದದ್ದು ಮುಂದೆ ಅವಳು ಫೋರ್ಟಿನ ಕಡೆ ಸಂಜೆ ತರಗತಿಗೆ ಸೇರಿ, ಮೊದಲ ದಿನವೇ ಮೇಡಮ್ಮಿಗೆ ಭಕ್ತಿಯಿಂದ ನಮಸ್ಕಾರ ಹೇಳಿದಾಗ!

ನಾಲ್ಕು ದಿನದ ಯೋಜನೆ ದಿನದಿನಕ್ಕೂ ಬದಲಾಗುತ್ತಿತ್ತು. ಮೊದಲ ದಿನ ಸಮುದ್ರದ ಗೋಡೆಯ ಉದ್ದಕ್ಕೂ ನಡೆಯುವುದು. ಎರಡನೆಯ ದಿನ ಹಳೆಯ ಪೇಟೆ, ಇಗರ್ಜಿ, ಸ್ಪೇನಿನವರ ಕೋಟೆ. ಮೂರನೆಯ ದಿನ ದೋಣಿಯಲ್ಲಿ ಬಂದರು ದಾಟಿ ದೀಪಸ್ತಂಭ. ನಾಲ್ಕನೆಯ ದಿನಕ್ಕೆ ಎಂತ ಎಂದರೆ, "ಏನೂ ಇಲ್ಲ. ಮನಸ್ಸು ಬಂದ ಕಡೆ ಹೋಗುದು," ಎನ್ನುತ್ತಿದ್ದಳು. ತಾಲೀಮಿಗೆಂದು ಆದಿತ್ಯವಾರ ನನ್ನನ್ನು ಕರೆದುಕೊಂಡು ಫೋರ್ಟಿನ ಗಲ್ಲಿಗಳಲ್ಲಿ ಬೇಕೆಂದೇ ದಾರಿ ತಪ್ಪುತ್ತಿದ್ದಳು. ನಾನು ಮಹಾ ಪುಕ್ಕಲಿ. ಅವಳ ಸೀರೆಯ ಅಂಚು ಹಿಡಿದೇ ನಡೆಯುವವಳು. ಅಕ್ಕ ಒಬ್ಬ ಶೇಂಗಾದವನನ್ನು ನಿಲ್ಲಿಸಿ, "ದೋಂದೆ ಎಸ್ತಾ ಲಾ ಕತೆದ್ರಾಲ್?" ಎಂದು ಇಗರ್ಜಿಯ ದಾರಿ ಕೇಳಿದಳು. ಅವನು ಪೊಟ್ಟಣ ಕಟ್ಟುತ್ತಲೇ, "ಕತೀಡ್ರಲ್? ಆಗೇ ಸೇ ಲೆಫ್ಟ್," ಎಂದ. ನಾವು ನಕ್ಕು ನಕ್ಕು ಫುಟ್‌ಪಾತಿನಲ್ಲೇ ಕೂತುಬಿಟ್ಟೆವು. ಕುರ್ಲಾದಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಆ ಹೊತ್ತಿಗೆ ಭಾವ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಹೋಟೆಲಿಗೆ ರಜೆ ಕೊಟ್ಟು ಅಪ್ಪಯ್ಯ ಮನೆಯಲ್ಲಿ ಕೂತರು. ಹಿರಿಯರು ಸಮಾಧಾನದ ಮಾತಾಡಿದರು. ಆದದ್ದು ಆಯಿತು, ಹುಡುಗನಿಗೆ ತಪ್ಪು ಗೊತ್ತಾಗಿದೆ, ಇನ್ನೊಂದು ಮಗಳ ಮದುವೆ ಬೇರೆ ಆಗಬೇಕು. ಇನ್ನೊಂದು ಮಗಳೆಂದರೆ ನಾನು; ಬಾಗಿಲ ಸಂದಿಯಲ್ಲಿ ಮೈ ಮುದುಡಿ ನಿಂತಿದ್ದೆ. ಅಪ್ಪಯ್ಯನ ತಲೆ ನಿಧಾನವಾಗಿ ಅಲ್ಲಾಡತೊಡಗಿದ್ದು ನನಗೆ ಕಾಣುತ್ತಿತ್ತು. ಹೌದು ಎನ್ನುವ ಕಡೆಗೇ.

ಅಕ್ಕ ತಾನೇ ಕಾಫಿ ತಂದಿಟ್ಟಳು. ಇಟ್ಟವಳು ಒಳಗೆ ಹೋಗಲಿಲ್ಲ.

"ನಾನು ಬರ್ತೇನೆ," ಎಂದಳು. ಭಾವನ ಮುಖ ಅರಳಿತು. "ಮೊದಲು ನಾಲ್ಕು ದಿನ ಹವಾನಾಕ್ಕೆ ಹೋಗಿ ಬರ್ತೇನೆ. ಒಬ್ಬಳೇ. ಬಂದ ಮೇಲೆ ಮನೆಯ ಬೀಗದಕೈ ನನ್ನ ಹತ್ರ ಇರ್ತದೆ. ಒಪ್ಪಿಗೆಯಾ?"

ಭಾವ ಹಿರಿಯರ ಮುಖ ನೋಡಿ ನಕ್ಕ. "ನೋಡಿದ್ರಾ? ಹೀಗೆ ಮಾತಾಡುವವಳನ್ನು ಬೀಗ ಹಾಕದೆ ಇಡ್ಲಿಕ್ಕೆ ಆಗ್ತದಾ?"

ಕೋಣೆಯಲ್ಲಿ ಯಾರೂ ಲೋಟ ಎತ್ತಲಿಲ್ಲ. ಅಪ್ಪಯ್ಯ ಎದ್ದು ನಿಂತರು. ಗಿರಾಕಿಗಳ ಎದುರು ಕೂಡ ದನಿ ಏರಿಸದ ಮನುಷ್ಯ. "ಕಾಫಿ ಕುಡಿದು ಹೊರಡಿ," ಎಂದರು. "ಅವಳಿಗೆ ತಿರುಗಾಟದ ತಯಾರಿ ಉಂಟು."

ಅಮ್ಮ ಆ ದಿನವೆಲ್ಲ ಅತ್ತಳು. ಸಂಜೆಗೆ ಮಾತ್ರ ಕಣ್ಣೊರೆಸಿಕೊಂಡು, "ಅಲ್ಲಿ ಸಸ್ಯಾಹಾರ ಎಂತ ಸಿಗ್ತದೆ ಅಂತ ಆ ಪೆಡ್ರುವನ್ನು ಕೇಳು," ಎಂದಳು.

ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಪೊಲೀಸಿನವ ಗಂಡ ಎಲ್ಲಿ ಎಂದು ಮರಾಠಿಯಲ್ಲಿ ಮತ್ತೆ ಮತ್ತೆ ಕೇಳಿದ. "ಪಾಸ್‌ಪೋರ್ಟ್ ಮಲಾ ಪಾಹಿಜೇ, ತ್ಯಾಲಾ ನಾಹೀ," ಎಂದಳು ಅಕ್ಕ. ಬೇಕಾದದ್ದು ನನಗೆ, ಅವನಿಗಲ್ಲ. ಅವನು ಹಾಗೆಯೇ ಬರೆದುಕೊಂಡು ಹೋದ.

ಪಾಸ್‌ಪೋರ್ಟ್ ಬಂದರೂ ವಿಮಾನದ ಟಿಕೆಟು ಬರಲಿಲ್ಲ. ವರ್ಷಗಳೇ ಹೋದವು. ಕೋರ್ಟಿನಲ್ಲಿ ಮದುವೆಯಿಂದ ಬಿಡುಗಡೆಯಾಯಿತು. ಚಾಳಿನವರು ಅವಳನ್ನು ಹಿಂದಿನಿಂದ "ಹವಾನಾ" ಎಂದು ಕರೆಯುತ್ತಿದ್ದರು, ಕೆಲವರು ಎದುರಿಗೇ. ಅವಳು ತಿರುಗಿ ನೋಡಿ, "ಎಂತ?" ಎನ್ನುತ್ತಿದ್ದಳು, ತನ್ನ ಹೆಸರೇ ಅದು ಎಂಬ ಹಾಗೆ. ಕಲಿತ ಸ್ಪ್ಯಾನಿಶ್ ಅವಳಿಗೆ ವಿಕ್ರೋಳಿಯ ಒಂದು ಔಷಧಿ ಕಂಪನಿಯಲ್ಲಿ ಕೆಲಸ ಕೊಡಿಸಿತು. ಲ್ಯಾಟಿನ್ ಅಮೆರಿಕದ ವ್ಯಾಪಾರಿಗಳ ಜೊತೆ ಪತ್ರವ್ಯವಹಾರ. ದಶಕದ ಕೊನೆಗೆ ಕಂಪನಿ ಅವಳನ್ನು ಮೆಕ್ಸಿಕೋದ ಒಂದು ಪ್ರದರ್ಶನಕ್ಕೆ ದುಭಾಷಿಯಾಗಿ ಕಳಿಸಿತು. ಕೆಲಸ ಮುಗಿದ ಮೇಲೆ ನಾಲ್ಕು ದಿನ ರಜೆ ಬೇಕೆಂದಳು. ಮ್ಯಾನೇಜರು, "ಒಬ್ಬ ಹೆಂಗಸು, ಗೊತ್ತಿಲ್ಲದ ಊರು," ಎಂದು ರಾಗ ಎಳೆದರಂತೆ. "ನನಗೆ ಗೊತ್ತಿರುವ ಊರು ಅದೊಂದೇ ಸರ್," ಎಂದು ಹೇಳಿ ಹವಾನಾದ ವಿಮಾನ ಹತ್ತಿದಳು.

ಹೋಗಿ ಬಂದವಳನ್ನು ನಾವು ಸುತ್ತ ಕೂತು ಕೇಳಿದೆವು. ಕೋಟೆ, ಇಗರ್ಜಿ ಎಲ್ಲ ಹೇಳಿದಳು. ಅನ್ನ, ಕಪ್ಪು ಬೀನ್ಸು, ಬಾಳೆಕಾಯಿ ಕರಿದ ಪೋಡಿಯಂಥದ್ದು ಸಿಕ್ಕಿತೆಂದು ಹೇಳಿದಾಗ ಅಮ್ಮನ ಜೀವ ತಣ್ಣಗಾಯಿತು. ಆಮೇಲೆ ಮೊದಲ ಸಂಜೆಯ ಮಾತು. ಸಮುದ್ರದ ಗೋಡೆಯ ಮೇಲೆ ಊರಿಗೆ ಊರೇ ಕೂತಿತ್ತಂತೆ. ಅಕ್ಕ ಜಾಗ ಹುಡುಕುತ್ತಿದ್ದಾಗ ಒಬ್ಬ ದಪ್ಪನೆಯ ಹೆಂಗಸು ಅವಳ ಸೀರೆಯನ್ನು ಮೇಲಿಂದ ಕೆಳಗೆ ನೋಡಿ, "ಸೋಲಾ?" ಎಂದು ಕೇಳಿದಳು.

"ಒಬ್ಬಳೇಯಾ ಅಂತ ಅವಳು ಕೇಳಿದ್ದು," ಎಂದಳು ಅಕ್ಕ. "ನನ್ನ ಕಿವಿಗೆ ಮಾತ್ರ ನಮ್ಮ ಚಾಳಿನವರೇ ಕೇಳಿದ ಹಾಗಾಯ್ತು. ಸೋಲಾ ವಸಂತಿ, ಸೋತು ಬಂದೆಯಾ ಅಂತ. ಸಿಟ್ಟು ಬಂತು. 'ಸೀ, ಸೋಲಾ!' ಅಂತ ಜೋರಾಗಿ ಹೇಳಿದೆ. ಹೌದು, ಒಬ್ಬಳೇ. ಅವಳು ನಕ್ಕು, ಸರಿದು, ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಅಷ್ಟರಲ್ಲಿ ಅಲೆ ಬಂದು ಇಬ್ಬರನ್ನೂ ಒದ್ದೆ ಮಾಡಿ ಹೋಯ್ತು."

ಈಗ ಅಕ್ಕನಿಗೆ ಎಂಬತ್ತು ದಾಟಿದೆ. ವಿಕ್ರೋಳಿಯಲ್ಲಿ ತಾನೇ ಕೊಂಡ ಮನೆಯಲ್ಲಿ ಒಬ್ಬಳೇ ಇದ್ದಾಳೆ. ನಾನು ಠಾಣೆಯಲ್ಲಿ ಮಗ, ಸೊಸೆಯ ಜೊತೆ. ಅಕ್ಕ ಫೋನಿನಲ್ಲಿ ಬಾ ಎಂದಾಗಲೆಲ್ಲ, ಮಗನಿಗೆ ಪುರುಸೊತ್ತಾದಾಗ ಕಾರಿನಲ್ಲಿ ಬಿಡ್ತಾನೆ ಎನ್ನುವುದು ನನ್ನ ಖಾಯಂ ಉತ್ತರ. ಎಪ್ಪತ್ತು ದಾಟಿದರೂ ಸೀರೆಯ ಅಂಚು ಹಿಡಿಯುವ ಅಭ್ಯಾಸ ಹೋಗಿಲ್ಲ; ಸೀರೆ ಬದಲಾಗಿದೆ, ಅಷ್ಟೇ.

ಲಿಫ್ಟಿನಲ್ಲಿ ಆ ವಾಸನೆ ಸಿಕ್ಕಿದ ಮಾರನೆಯ ಬೆಳಿಗ್ಗೆ ಅಕ್ಕನ ಮನೆಗೆಂದು ನಾನು ಚಪ್ಪಲಿ ಮೆಟ್ಟಿದೆ. ಸೊಸೆ ಗಾಬರಿಯಾಗಿ, "ಅಮ್ಮಾ, ಲೋಕಲ್‌ನಲ್ಲಿ? ಈ ಗರ್ದಿಯಲ್ಲಿ? ಯಾರನ್ನ ಜೊತೆಗೆ ಕಳಿಸ್ಲಿ?" ಎಂದಳು.

"ಯಾರೂ ಬೇಡ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು.

ಗಾಡಿಯಲ್ಲಿ ಕೂರಲು ಜಾಗವಿರಲಿಲ್ಲ. ಕಂಬ ಹಿಡಿದು ನಿಂತೆ. ಕಾಂಜೂರ್‌ಮಾರ್ಗ ದಾಟುತ್ತಲೇ ಬಾಗಿಲಿನತ್ತ ಸರಿದೆ. ಹಿಂದಿನಿಂದ ಯಾರೋ, "ಆಜಿ, ಉತರಣಾರ ಕಾ?" ಎಂದು ಕೇಳಿದರು.

"ಹೋ," ಎಂದೆ. ಹೌದು, ಇಳಿಯುತ್ತೇನೆ. ವಿಕ್ರೋಳಿ ಬಂತು. ಗುಂಪು ತಳ್ಳುವ ಮೊದಲೇ ನಾನಾಗಿ ಇಳಿದೆ.